ಮಳೆಗಾಲಕ್ಕೆ ಮೊದಲು ಗ್ಯಾಸ್ ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿಸಿ

ಮಾನ್ಯ ಸಂಪಾದಕರೇ,

ನಾನು ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯಲ್ಲಿ ಪೈಪು ಕೆಲಸ ಮಾಡುವವನು. ಬಾವಿಗೆ ಪಂಪು ಇಳಿಸುವುದು, ಟ್ಯಾಂಕಿ ಕೂರಿಸುವುದು, ಬಚ್ಚಲಿಗೆ ನಳ್ಳಿ, ಶವರ್, ಗೀಸರ್ ಹಾಕುವುದು ನನ್ನ ಕೆಲಸ. ಊರಿನ ಎಷ್ಟೋ ಮನೆಗಳ ಬಚ್ಚಲು ನಾನು ಒಳಗಿನಿಂದ ನೋಡಿದ್ದೇನೆ. ನೋಡಿದ ಮೇಲೆ ಸುಮ್ನೆ ಇರಲು ಆಗದೆ ಬರೆಯುತ್ತಿದ್ದೇನೆ. ಹೇಳಲಿಕ್ಕೆ ಇರುವುದು ಒಂದೇ ಮಾತು. ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಇರಬಾರದು. ಅದರ ಬೆಂಕಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಕಾಣದ ವಿಷಗಾಳಿ ಹುಟ್ಟಿ ಜೀವ ತೆಗೆಯಬಹುದು. ಇದ್ದರೆ ಈ ಮಳೆಗಾಲಕ್ಕೆ ಮೊದಲು ಹೊರಗಿನ ಗೋಡೆಗೆ ಹಾಕಿಸಿ.

ಗೀಸರ್ ಸಾವಿನ ಸುದ್ದಿ ಪತ್ರಿಕೆಯಲ್ಲಿ ಜಾಸ್ತಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಬೆಂಗಳೂರು, ದೆಹಲಿ ಕಡೆಯದು. ಅದನ್ನು ಓದಿ ನಮ್ಮವರು ‘ಅಲ್ಲಿ ಚಳಿ, ನಮಗೇನು’ ಅಂದುಕೊಳ್ಳುತ್ತಾರೆ. ಆದರೆ ಕಾಸರಗೋಡಿನಲ್ಲಿ ಇದರ ಕಾಲವೇ ಬೇರೆ. ನಮಗೆ ಅಪಾಯದ ತಿಂಗಳುಗಳು ಜೂನ್, ಜುಲೈ, ಮತ್ತೆ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು. ಎರಚಲು ಮಳೆಗೆ ಕಿಟಕಿಯನ್ನೆಲ್ಲ ಮುಚ್ಚುತ್ತೇವೆ. ಬಿಸಿಲಿಲ್ಲದೆ ಸೋಲಾರ್ ನೀರು ಕಾಯುವುದಿಲ್ಲ. ಮರ ಬಿದ್ದು ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಆಗ ಗ್ಯಾಸ್ ಗೀಸರ್ ಉರಿಯುತ್ತದೆ, ಜನರೇಟರ್ ಓಡುತ್ತದೆ, ಮಗುವಿನ ಬಟ್ಟೆ ಒಣಗಿಸಲು ಕೋಣೆಗೆ ಕೆಂಡ ಬರುತ್ತದೆ. ಬೆಂಕಿ ಒಳಗೆ ಬರುವುದೂ ಗಾಳಿಯ ದಾರಿ ಮುಚ್ಚುವುದೂ ನಮ್ಮಲ್ಲಿ ಒಂದೇ ಕಾಲದಲ್ಲಿ.

ಮೊದಲು ನಮ್ಮ ಬಚ್ಚಲು ಹೇಗಿತ್ತು ಅಂತ ಹಿರಿಯರಿಗೆ ಗೊತ್ತು. ಮನೆಯ ಹಿಂದೆ, ಬಾವಿಯ ಹತ್ತಿರ, ಪ್ರತ್ಯೇಕ ಮಾಡು. ಮೇಲೆ ಹಂಚು. ಗೋಡೆಗೂ ಮಾಡಿಗೂ ನಡುವೆ ಕೈ ತೂರುವಷ್ಟು ಸಂದು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಹಂಡೆ. ಒಣ ಮಡಲು, ಗೆರಟೆ, ಅಡಿಕೆ ಸಿಪ್ಪೆ ಹಾಕಿ ಉರಿಸುತ್ತಿದ್ದರು. ಆ ಒಲೆಯಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತಿತ್ತು. ಕಟ್ಟಿಗೆ, ಇದ್ದಿಲು, ಸೀಮೆಎಣ್ಣೆ, ಪೆಟ್ರೋಲ್, ಗ್ಯಾಸ್, ಯಾವುದೇ ಆಗಲಿ, ಗಾಳಿ ಸಾಲದೆ ಅರೆಬರೆ ಉರಿದರೆ ಈ ವಿಷಗಾಳಿ ಹುಟ್ಟುತ್ತದೆ. ಆದರೆ ಹಂಚಿನ ಸಂದಿನಿಂದ ಹೊರಗೆ ಹೋಗಲು ಅದಕ್ಕೆ ದಾರಿ ಇತ್ತು. ಹೊಗೆ ಜಾಸ್ತಿಯಾದರೆ ಕಣ್ಣು ಉರಿದು, ಕೆಮ್ಮು ಬಂದು, ನಾವೇ ಹೊರಗೆ ಓಡುತ್ತಿದ್ದೆವು. ಹಳೆಯ ಒಲೆಯ ಹೊಗೆ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ನಮ್ಮ ತಾಯಂದಿರ ಎದೆ ಹಾಳು ಮಾಡಿದ್ದೂ ಅದೇ ಹೊಗೆ. ಆದರೆ ಅದು ಕಣ್ಣಿಗೆ ಕಾಣುತ್ತಿತ್ತು.

ಈಗ ಬಚ್ಚಲು ಮಲಗುವ ಕೋಣೆಯ ಒಳಗೇ ಇದೆ. ಮೇಲೆ ಸ್ಲ್ಯಾಬ್. ನೆಲದಿಂದ ಮೇಲಿನವರೆಗೆ ಟೈಲ್ಸ್. ಸಂದು ಬಿಡದೆ ಕೂರುವ ಪ್ಲಾಸ್ಟಿಕ್ ಬಾಗಿಲು. ಮೇಲೆ ಸಣ್ಣ ವೆಂಟಿಲೇಟರ್, ಅದಕ್ಕೆ ಗಾಜಿನ ಪಟ್ಟಿ. ಹಾವು ಬರುತ್ತದೆ, ಜಿರಳೆ ಬರುತ್ತದೆ, ಎರಚಲು ಹೊಡೆಯುತ್ತದೆ, ಆಚೆ ಮನೆಯವರಿಗೆ ಕಾಣುತ್ತದೆ ಅಂತ ಅದನ್ನೂ ಮುಚ್ಚುತ್ತಾರೆ. ಗಾಜಿನ ಪಟ್ಟಿಯ ಮೇಲೆ ರಟ್ಟು ಅಂಟಿಸಿದ್ದನ್ನು ನೋಡಿದ್ದೇನೆ. ಥರ್ಮಕೋಲ್ ತುರುಕಿದ್ದನ್ನೂ ನೋಡಿದ್ದೇನೆ. ಇಂಥ ಕೋಣೆಯ ಗೋಡೆಗೆ ಗ್ಯಾಸ್ ಗೀಸರ್ ನೇತು ಹಾಕುತ್ತಾರೆ. ಒಲೆಯನ್ನು ಒಳಗೆ ತಂದೆವು, ಮಾಡಿನ ಸಂದು ಮಾತ್ರ ಹೊರಗೇ ಉಳಿಯಿತು.

ಜನ ಗ್ಯಾಸ್ ಗೀಸರ್ ಯಾಕೆ ಹಾಕಿಸುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಕರೆಂಟಿನ ಗೀಸರ್‌ಗೆ ವೋಲ್ಟೇಜ್ ಸಾಲುವುದಿಲ್ಲ. ಕೆ.ಎಸ್.ಇ.ಬಿ. ಕರೆಂಟ್ ಬಿಲ್ಲಿನ ಹೆದರಿಕೆ ಬೇರೆ. ಗ್ಯಾಸಿನದ್ದಾದರೆ ನಳ್ಳಿ ತಿರುಗಿಸಿದ ಕೂಡಲೇ ಬಿಸಿನೀರು. ಎರಡು ಬ್ಯಾಟರಿ ಹಾಕಿದರೆ ಸಾಕು, ಕರೆಂಟು ಬೇಡ. ವಯಸ್ಸಾದವರಿಗೆ, ಬಾಣಂತಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಅನುಕೂಲ. ನಾನೂ ಹಾಕಿ ಕೊಡುತ್ತೇನೆ. ಆದರೆ ಹೊರಗಿನ ಗೋಡೆಗೆ ಮಾತ್ರ. ಒಳಗೇ ಬೇಕು ಅಂತ ಹಟ ಹಿಡಿದವರ ಮನೆಯಿಂದ ಕೆಲಸ ಬಿಟ್ಟು ಬಂದಿದ್ದೇನೆ. ‘ಅಣ್ಣ, ಹೊರಗೆ ಇಟ್ಟರೆ ನೋಡ್ಲಿಕ್ಕೆ ಚಂದ ಇಲ್ಲ’ ಅನ್ನುತ್ತಾರೆ. ಹೊಸ ಮನೆಯ ಎದುರಿಗೆ ಪೈಪು ಕಾಣಬಾರದು ಅನ್ನುತ್ತಾರೆ. ಹಿಂದಿನ ಗೋಡೆ ಇದೆಯಲ್ಲ ಅಂತ ನಾನು ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು ಬೇರೆ ಫಿಟ್ಟರನ್ನು ಕರೆಯುತ್ತಾರೆ.

ಈ ಸಣ್ಣ ಪೆಟ್ಟಿಗೆ ಒಳಗಿನ ಬೆಂಕಿ ಎಷ್ಟು ದೊಡ್ಡದು ಅಂತ ಹೆಚ್ಚಿನವರಿಗೆ ಅಂದಾಜು ಇಲ್ಲ. ಆರು ಲೀಟರಿನ, ಅಂದರೆ ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಅಡುಗೆ ಒಲೆಯ ಒಂದು ಬರ್ನರಿನ ನಾಲ್ಕೈದು ಪಟ್ಟು ಬೆಂಕಿ. ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್ ಸುಡುತ್ತದೆ. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಬೇಕಾದರೆ ಸುಮಾರು ಹದಿನೈದು ಕಿಲೋ ಗಾಳಿ ಬೇಕು. ಅಂದರೆ 440 ಘನ ಅಡಿಯಷ್ಟು. ಈಗ ಲೆಕ್ಕ ಹಾಕಿ. ಐದು ಅಡಿ ಅಗಲ, ಏಳು ಅಡಿ ಉದ್ದ, ಹತ್ತು ಅಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ 350 ಘನ ಅಡಿ ಗಾಳಿ. ಹದಿನೈದು ನಿಮಿಷ ಗೀಸರ್ ಉರಿದರೆ ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಗಾಳಿಯ ಕೆಲಸ ಮುಗಿಯಿತು. ಒಳಗೆ ಇರುವವರು ಉಸಿರಾಡುವುದೂ ಅದೇ ಗಾಳಿಯನ್ನು. ಬೆಂಕಿಗೆ ಆಮ್ಲಜನಕ ಕಡಿಮೆಯಾದ ಹಾಗೆ ಅದು ಅರೆಬರೆ ಉರಿಯಲು ಶುರು ಮಾಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಆವಾಗ. ಒಬ್ಬರು ಮಿಂದು ಬಂದ ಕೂಡಲೇ ಇನ್ನೊಬ್ಬರು ಹೋಗಿ ಬಾಗಿಲು ಹಾಕಿಕೊಂಡರೆ ಆ ಎರಡನೆಯವರಿಗೆ ಕಷ್ಟ ಜಾಸ್ತಿ. ನಮ್ಮ ಮನೆಗಳಲ್ಲಿ ಕೊನೆಗೆ ಸ್ನಾನಕ್ಕೆ ಹೋಗುವುದು ಸಾಮಾನ್ಯವಾಗಿ ಯಾರು? ಮನೆಯ ಹೆಂಗಸರೇ ಅಲ್ವಾ.

‘ಗ್ಯಾಸ್ ಲೀಕ್ ಆದರೆ ವಾಸನೆ ಬರುತ್ತದಲ್ಲ, ಗೊತ್ತಾಗುವುದಿಲ್ಲವಾ?’ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲೇ ದೊಡ್ಡ ತಪ್ಪು ತಿಳುವಳಿಕೆ ಇರುವುದು. ಸಿಲಿಂಡರಿನ ಗ್ಯಾಸಿಗೂ ತನ್ನದೇ ವಾಸನೆ ಅಂತ ಇಲ್ಲ. ಸೋರಿದರೆ ತಿಳಿಯಲಿ ಅಂತ ಕಂಪನಿಯವರೇ ಕೆಟ್ಟ ವಾಸನೆಯ ವಸ್ತು ಸೇರಿಸಿರುತ್ತಾರೆ. ಗ್ಯಾಸ್ ಉರಿದ ಮೇಲೆ ಆ ವಾಸನೆಯೂ ಸುಟ್ಟು ಹೋಯಿತು. ಉರಿದ ಮೇಲೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ರುಚಿ ಇಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸೋರಿದ ಗ್ಯಾಸ್ ಭಾರ, ನೆಲಕ್ಕೆ ಇಳಿಯುತ್ತದೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ಇಡೀ ಕೋಣೆಯಲ್ಲಿ ಬೆರೆಯುತ್ತದೆ. ಪತ್ರಿಕೆಗಳು ಇಂಥ ಸಾವಿಗೆ ‘ಗ್ಯಾಸ್ ಸೋರಿಕೆ’ ಅಂತ ಹಾಕುವುದನ್ನು ನೋಡುತ್ತೇನೆ. ಎಷ್ಟೋ ಸಲ ಅಲ್ಲಿ ಏನೂ ಸೋರಿರುವುದಿಲ್ಲ. ಪೈಪು ಸರಿ, ರೆಗ್ಯುಲೇಟರ್ ಸರಿ, ಗೀಸರ್ ಹೊಸದು. ಬೆಂಕಿಗೆ ಗಾಳಿ ಸಿಗಲಿಲ್ಲ, ಅಷ್ಟೇ. ದಯವಿಟ್ಟು ಮುಂದಿನ ಸಲ ಇಂಥ ಸುದ್ದಿ ಬಂದಾಗ ಕಿಟಕಿ ಇತ್ತಾ, ಗೀಸರ್ ಎಲ್ಲಿತ್ತು ಅಂತ ವಿಚಾರಿಸಿ ಅದನ್ನೂ ಬರೆಯಿರಿ. ‘ಸೋರಿಕೆ’ ಅಂತ ಓದಿದವರು ಪೈಪು ಮಾತ್ರ ಚೆಕ್ ಮಾಡಿ ಸುಮ್ಮನಾಗುತ್ತಾರೆ.

ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಕಾರ್ಬನ್ ಮೊನಾಕ್ಸೈಡ್ 400 ಪಾಲು ಇದ್ದರೆ ಒಂದೆರಡು ಗಂಟೆಯಲ್ಲಿ ತಲೆನೋವು ಬರುತ್ತದೆ. 1,600 ಪಾಲು ಇದ್ದರೆ ಇಪ್ಪತ್ತು ನಿಮಿಷದೊಳಗೆ ತಲೆಸುತ್ತು, ವಾಂತಿ. ಹಾಗೇ ಇದ್ದರೆ ಒಂದೆರಡು ಗಂಟೆಯಲ್ಲಿ ಜೀವ ಹೋಗುತ್ತದೆ. 12,800 ಪಾಲು ಇದ್ದರೆ ಒಂದರಿಂದ ಮೂರು ನಿಮಿಷ ಸಾಕು. ಕಾರಣ ನಮ್ಮ ರಕ್ತದಲ್ಲೇ ಇದೆ. ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಈ ವಿಷಗಾಳಿಯನ್ನು ಇನ್ನೂರು ಪಟ್ಟಿಗಿಂತ ಜಾಸ್ತಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಒಬ್ಬ ಕೂತು ಯಾವ ಸ್ಟಾಪಿನಲ್ಲೂ ಇಳಿಯದಿದ್ದರೆ ಹತ್ತಬೇಕಾದವರು ರಸ್ತೆಯಲ್ಲೇ ಉಳಿಯುತ್ತಾರಲ್ಲ, ಹಾಗೆ. ಉಸಿರು ಆಡುತ್ತಾ ಇರುತ್ತದೆ, ಮೆದುಳಿಗೂ ಹೃದಯಕ್ಕೂ ಆಮ್ಲಜನಕ ಮುಟ್ಟುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ತಾಯಿಗಿಂತಲೂ ಅಪಾಯ ಜಾಸ್ತಿ. ಕಾಲು ಮೊದಲೇ ಬಲ ಕಳೆದುಕೊಳ್ಳುತ್ತದೆ, ಬುದ್ಧಿ ಮಂಕಾಗುತ್ತದೆ. ಬಾಗಿಲು ತೆರೆಯಬೇಕು ಅಂತ ಅನಿಸುವಷ್ಟರಲ್ಲಿ ಚಿಲಕದವರೆಗೆ ಕೈ ಎತ್ತಲು ಆಗದೆ ಹೋಗಬಹುದು.

ನಮ್ಮ ಕಡೆಯ ಒಂದು ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಬಚ್ಚಲಿನ ಬಾಗಿಲಿನ ಚಿಲಕ ಮುರಿದಿದೆ, ಹೊಸದು ಹಾಕಿ ಕೊಡಿ ಅಂತ ನನ್ನನ್ನು ಕರೆದಿದ್ದರು. ಹೋಗಿ ನೋಡಿದರೆ ಚಿಲಕ ಒದ್ದು ಮುರಿದ ಹಾಗಿತ್ತು. ಕೇಳಿದೆ. ಸೊಸೆ ಸಂಜೆ ಸ್ನಾನಕ್ಕೆ ಹೋಗಿದ್ದಳಂತೆ. ಅತ್ತೆ ಅಡುಗೆ ಮನೆಯಲ್ಲಿದ್ದರು. ನೀರು ಬೀಳುವ ಶಬ್ದ ನಿಲ್ಲಲೇ ಇಲ್ಲ. ಕರೆದರು, ಉತ್ತರ ಇಲ್ಲ. ಮಗನನ್ನು ತೋಟದಿಂದ ಕೂಗಿ ಕರೆದು ಬಾಗಿಲು ಒಡೆಸಿದರು. ಒಳಗೆ ಅವಳು ಗೋಡೆಗೆ ಒರಗಿ ಬಿದ್ದಿದ್ದಳು. ಶವರ್ ಹಾಗೇ ಓಡುತ್ತಿತ್ತು. ಎತ್ತಿ ಜಗಲಿಗೆ ತಂದರು. ಗಾಳಿ ತಾಗಿ ಸ್ವಲ್ಪ ಹೊತ್ತಿನಲ್ಲಿ ಕಣ್ಣು ಬಿಟ್ಟಳು, ವಾಂತಿ ಮಾಡಿದಳು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಬದುಕಿದಳು. ಆ ದಿನ ಸಂಕಷ್ಟಿ. ‘ಉಪವಾಸ ಇದ್ದಳು, ತಲೆ ತಿರುಗಿತು’ ಅಂತ ಮನೆಯವರು ಅಂದುಕೊಂಡಿದ್ದರು. ಡಾಕ್ಟರ ಹತ್ತಿರವೂ ಹಾಗೇ ಹೇಳಿದ್ದರು. ಗೀಸರ್ ವಿಷಯ ಅಲ್ಲಿ ಯಾರ ಬಾಯಿಗೂ ಬರಲಿಲ್ಲ.

ನಾನು ಚಿಲಕ ಹಾಕುತ್ತಾ ತಲೆ ಎತ್ತಿ ನೋಡಿದೆ. ಗೀಸರಿನ ಬಿಳಿ ಪೆಟ್ಟಿಗೆಯ ಮೇಲಿನ ಅಂಚಿಗೆ ಕಪ್ಪು ಮಸಿ. ಗೋಡೆಯ ಟೈಲ್ಸಿಗೂ ಮಸಿ. ನಳ್ಳಿ ತಿರುಗಿಸಿದೆ, ಸಣ್ಣ ಕಿಂಡಿಯಲ್ಲಿ ಬೆಂಕಿ ನೋಡಿದೆ. ನೀಲಿ ಇರಬೇಕಾದದ್ದು ಹಳದಿ. ವೆಂಟಿಲೇಟರಿನ ಗಾಜಿಗೆ ಒಳಗಿನಿಂದ ರಟ್ಟು. ಮನೆಯ ಯಜಮಾನರನ್ನು ಕರೆದು ತೋರಿಸಿದೆ. ಆಗ ಮಗ ಹೇಳಿದ, ‘ನನಗೂ ಆದಿತ್ಯವಾರ ಎಣ್ಣೆ ಸ್ನಾನ ಮಾಡಿದರೆ ತಲೆನೋವು ಬರುತ್ತದೆ, ಎಣ್ಣೆಯ ತಂಪು ಅಂತ ಮಾಡಿದ್ದೆ.’ ಅವರು ಎಣ್ಣೆ ಕಂಪನಿ ಬದಲಾಯಿಸಿದ್ದರು. ಗೀಸರನ್ನು ಅದೇ ದಿನ ಬಂದ್ ಮಾಡಿಸಿದೆ. ಎರಡು ದಿನ ಕಳೆದು ಹೊರಗೆ ಹಾಕಿ ಕೊಟ್ಟೆ. ಆ ಹುಡುಗಿ ಜಗಲಿಯಲ್ಲಿ ಕೂತು ಬಸಳೆ ಬಿಡಿಸುತ್ತಾ ಇದ್ದಳು. ಆಗಲೂ ತಲೆ ಭಾರ ಅನ್ನುತ್ತಿದ್ದಳು.

ಈ ತಲೆನೋವನ್ನು ನಮ್ಮವರು ಏನೇನೋ ಅಂತ ಕರೆಯುತ್ತಾರೆ. ಪಿತ್ತ, ಗ್ಯಾಸ್ಟ್ರಿಕ್, ಬಿ.ಪಿ., ದೃಷ್ಟಿ. ಗುರುತಿಸಲಿಕ್ಕೆ ಮೂರು ವಿಷಯ ಗಮನಿಸಿ ಅಂತ ನನಗೆ ಪರಿಚಯದ ನರ್ಸ್ ಒಬ್ಬರು ಹೇಳಿಕೊಟ್ಟರು. ಮೈಯಲ್ಲಿ ಜ್ವರ ಇರುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬರುತ್ತದೆ, ಬೆಕ್ಕು ನಾಯಿಗೂ ಬರಬಹುದು. ಮನೆಯಿಂದ ಹೊರಗೆ ಬಂದರೆ ಕಡಿಮೆಯಾಗುತ್ತದೆ, ಒಳಗೆ ಹೋದರೆ ಮತ್ತೆ ಶುರು. ಹೀಗಿದ್ದರೆ ಮಾತ್ರೆ ಹುಡುಕುವ ಮೊದಲು ಮನೆಯಲ್ಲಿ ಏನು ಉರಿಯುತ್ತಿದೆ ಅಂತ ನೋಡಬೇಕು.

ಕೊರೊನಾ ಸಮಯದಲ್ಲಿ ನಮ್ಮ ಎಷ್ಟೋ ಮನೆಗಳಿಗೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಬಂತು. ಈಗಲೂ ಯಾರಿಗೆ ಸುಸ್ತಾದರೂ ಅದನ್ನು ಹಾಕಿ, 98 ಅಂತ ತೋರಿಸಿದರೆ ‘ಏನೂ ಇಲ್ಲ, ಮಲಗು’ ಅನ್ನುತ್ತಾರೆ. ಈ ಒಂದು ವಿಷದ ಮುಂದೆ ಆ ಯಂತ್ರ ಕೆಲಸಕ್ಕೆ ಬರುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನನ್ನೂ ಅದು ಆಮ್ಲಜನಕ ಇರುವುದು ಅಂತಲೇ ಎಣಿಸುತ್ತದೆ. ಜೀವ ಹೋಗುವ ಸ್ಥಿತಿಯಲ್ಲೂ ಒಳ್ಳೆಯ ನಂಬರ್ ತೋರಿಸಬಹುದು. ಸರಿಯಾಗಿ ಗೊತ್ತಾಗಬೇಕಾದರೆ ಆಸ್ಪತ್ರೆಯಲ್ಲಿ ರಕ್ತ ತೆಗೆದು ಇದಕ್ಕೆಂದೇ ಇರುವ ಪರೀಕ್ಷೆ ಮಾಡಬೇಕು. ಅದಕ್ಕೇ ಆಸ್ಪತ್ರೆಗೆ ಹೋದವರು ‘ಬಚ್ಚಲಲ್ಲಿ ಬಿದ್ದರು’ ಅಂತ ಮಾತ್ರ ಹೇಳಬಾರದು. ‘ಗ್ಯಾಸ್ ಗೀಸರ್ ಉರಿಯುತ್ತಿತ್ತು, ಕಿಟಕಿ ಮುಚ್ಚಿತ್ತು’ ಅಂತ ಬಾಯಿ ಬಿಟ್ಟು ಹೇಳಬೇಕು. ಸುಮ್ನೆ ಹೊರಗಿನ ಗಾಳಿಯಲ್ಲಿ ಕೂತರೆ ರಕ್ತದಲ್ಲಿರುವ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಆದ್ದರಿಂದ ಎಚ್ಚರ ಬಂತು ಅಂತ ಮನೆಯಲ್ಲೇ ಮಲಗಿಸಬೇಡಿ. ಎಚ್ಚರ ತಪ್ಪಿದವರಿಗೆ ಕೆಲವು ವಾರ ಕಳೆದು ಮರೆವು, ನಡೆಯುವಾಗ ತೂರಾಟ, ಸಿಟ್ಟು ಬರುವುದೂ ಉಂಟು. ಅದನ್ನೂ ಡಾಕ್ಟರಿಗೆ ತೋರಿಸಬೇಕು.

ಬಿದ್ದವರನ್ನು ಎತ್ತಲು ಹೋಗುವವರೂ ಜಾಗ್ರತೆ. ಮೊದಲು ಬಾಗಿಲು ಪೂರ್ತಿ ತೆರೆದು, ಕಿಟಕಿ ತೆರೆದು, ಸಿಲಿಂಡರ್ ಬಂದ್ ಮಾಡಿ. ಒಳಗೆ ನಿಂತು ಮುಖಕ್ಕೆ ನೀರು ಹಾಕುತ್ತಾ, ಬಟ್ಟೆ ಸರಿಮಾಡುತ್ತಾ ಹೊತ್ತು ಕಳೆಯಬೇಡಿ. ಒಂದು ಬೈರಾಸು ಸುತ್ತಿ ಹೊರಗೆ ಎಳೆದು ತನ್ನಿ. ಉಸಿರು ಇಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ, 108ಕ್ಕೆ ಫೋನ್ ಮಾಡಿ. ನಾನು ಈಗ ಹೊಸ ಬಚ್ಚಲಿಗೆ ಬಾಗಿಲು ಹಾಕುವವರ ಹತ್ತಿರ ಹೇಳುತ್ತೇನೆ, ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ತೆರೆಯುವ ಲಾಕ್ ಸಿಗುತ್ತದೆ, ಅದನ್ನೇ ಹಾಕಿ ಅಂತ. ವಯಸ್ಸಾದವರು ಇರುವ ಮನೆಗೆ ಗೀಸರ್ ಇಲ್ಲದಿದ್ದರೂ ಅದು ಬೇಕು.

ಕೆಂಡದ ವಿಷಯಕ್ಕೂ ಬರಬೇಕು. ಬಾಣಂತಿ ಕೋಣೆ ನಮ್ಮಲ್ಲಿ ಮೊದಲಿನಿಂದಲೂ ಬೆಚ್ಚಗೆ ಇರಬೇಕು. ಆಟಿಯಲ್ಲಿ ಹೆರಿಗೆಯಾದರೆ ಮಗುವಿನ ಬಟ್ಟೆ ಒಣಗುವುದೇ ಇಲ್ಲ. ಗೆರಟೆಯ ಕೆಂಡ ಮಾಡಿ, ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡುತ್ತಾರೆ. ಮಗುವಿನ ತಲೆಗೆ ಧೂಪ ಹಿಡಿಯುತ್ತಾರೆ. ಹಂಚಿನ ಮನೆಯಲ್ಲಿ ನಡೆಯುತ್ತಿತ್ತು. ಸ್ಲ್ಯಾಬಿನ ಕೋಣೆಯಲ್ಲಿ, ಕಿಟಕಿಯ ಗಾಜು ಹಾಕಿ, ರಾತ್ರಿ ಕೆಂಡ ಇಟ್ಟು ಮಲಗುವುದು ಬೇಡವೇ ಬೇಡ. ಹೊಗೆ ನಿಂತ ಮೇಲೆ ಕೆಂಡ ಒಳ್ಳೆಯದು ಅಂತ ಅಜ್ಜಿಯರು ನಂಬುತ್ತಾರೆ. ಹೊಗೆಯಿಲ್ಲದೆ ಕೆಂಪಗೆ ಹೊಳೆಯುವ ಕೆಂಡದಿಂದಲೂ ಈ ವಿಷಗಾಳಿ ಧಾರಾಳ ಬರುತ್ತದೆ. ಬಟ್ಟೆ ಒಣಗಿಸುವುದಾದರೆ ಜಗಲಿಯಲ್ಲಿ ಒಣಗಿಸಿ, ಬಟ್ಟೆ ಮಾತ್ರ ಒಳಗೆ ತನ್ನಿ. ಅಡಿಕೆಯ ಡ್ರೈಯರ್, ರಬ್ಬರಿನ ಹೊಗೆಗೂಡು ಇರುವವರೂ ಒಳಗೆ ಹೋಗುವ ಮೊದಲು ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಹೊರಗೆ ನಿಲ್ಲಿ.

2020ರ ಜನವರಿಯಲ್ಲಿ ನೇಪಾಳದ ದಮನ್ ಎಂಬಲ್ಲಿ ಪ್ರವಾಸ ಹೋಗಿದ್ದ ನಮ್ಮ ಕೇರಳದ ಎಂಟು ಮಂದಿ ರೆಸಾರ್ಟ್ ಕೋಣೆಯಲ್ಲಿ ತೀರಿಕೊಂಡದ್ದು ಓದುಗರಿಗೆ ನೆನಪಿರಬಹುದು. ಅದರಲ್ಲಿ ನಾಲ್ವರು ಮಕ್ಕಳು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಹಾಕಿ ಮಲಗಿದ್ದರು. 2024ರ ಡಿಸೆಂಬರಿನಲ್ಲಿ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನ ಒಳಗೆ ಇಬ್ಬರು ಸತ್ತರು. ಎ.ಸಿ. ಓಡಿಸಲು ಹಾಕಿದ್ದ ಜನರೇಟರಿನ ವಿಷಗಾಳಿ ಒಳಗೆ ಬಂದಿತ್ತು. ವಡಗರ ನಮ್ಮಿಂದ ರೈಲಿನಲ್ಲಿ ಹೋಗಿ ಅದೇ ದಿನ ಬರುವಷ್ಟು ಹತ್ತಿರ. ಊಟಿ, ಮುನ್ನಾರ್ ಅಂತ ಹೋಗುವ ನಮ್ಮ ಮಕ್ಕಳು ಹೊರಗೆ ಕೋಳಿ ಸುಟ್ಟ ಇದ್ದಿಲ ಒಲೆಯನ್ನು ಚಳಿಗೆ ಅಂತ ಟೆಂಟಿನ ಒಳಗೆ ಎಳೆದುಕೊಳ್ಳಬಾರದು. ಹೋಗುವ ಮೊದಲು ಮನೆಯವರು ಇದನ್ನು ಹೇಳಿಯೇ ಕಳಿಸಬೇಕು.

ಜನರೇಟರನ್ನು ಮಳೆಗೆ ನೆನೆಯಬಾರದು ಅಂತ ಸಿಟೌಟಿನಲ್ಲಿ, ಕಾರಿನ ಶೆಡ್ಡಿನಲ್ಲಿ ಇಡುತ್ತಾರೆ. ಮದುವೆ, ಪೂಜೆ ಇದ್ದರೆ ಅಡುಗೆ ಕೋಣೆಯ ಕಿಟಕಿ ಕೆಳಗೇ ಇಡುತ್ತಾರೆ. ಮನೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಹೊಗೆಯ ಬಾಯಿ ಮನೆಗೆ ಬೆನ್ನು ಹಾಕಿ ಇಡಬೇಕು. ಮಳೆಗೆ ಅಂತ ಅಲ್ಲೇ ನಾಲ್ಕು ಕಂಬ ನೆಟ್ಟು ಮೇಲೊಂದು ಶೀಟ್ ಹಾಕಿದರೆ ಆಯಿತು. ಬಾವಿಯ ಕೆಸರು ತೆಗೆಯುವಾಗ ಪೆಟ್ರೋಲ್ ಪಂಪನ್ನು ಬಾವಿಯ ಒಳಗೆ ಇಳಿಸಿ ಓಡಿಸುವವರಿದ್ದಾರೆ. ಅದು ಸಾವಿಗೆ ಕರೆ ಕೊಟ್ಟ ಹಾಗೆ. ಇಂಜಿನ್ ಮೇಲೆಯೇ ಇರಬೇಕು. ಮೇಲಿನಿಂದ ನೀರು ಎಳೆಯದಷ್ಟು ಆಳದ ಬಾವಿಯಾದರೆ ಕರೆಂಟಿನ ಪಂಪನ್ನೇ ಇಳಿಸಬೇಕು.

ಇಲ್ಲಿ ನಮ್ಮ ಊರಿನ ಒಂದು ನಂಬಿಕೆಯ ಬಗ್ಗೆ ಹೇಳದೆ ಬಿಡಲಾರೆ. ಕಾಸರಗೋಡಿನ ಗುಡ್ಡಗಳಲ್ಲಿ ನೀರಿನ ಸುರಂಗ ತೋಡುವವರು ಮೇಣದ ಬತ್ತಿ ಹಿಡಿದು ಒಳಗೆ ಹೋಗುತ್ತಾರೆ. ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಹೊರಗೆ ಬರುತ್ತಾರೆ. ಬಾವಿಗೂ ಹಾಗೇ, ದೀಪ ಇಳಿಸಿ ನೋಡುತ್ತಾರೆ. ಆ ಜ್ಞಾನ ಎಷ್ಟೋ ಜೀವ ಉಳಿಸಿದೆ, ಅದನ್ನು ಬಿಡಬೇಡಿ. ಆದರೆ ಅದು ಆಮ್ಲಜನಕ ಕಡಿಮೆ ಇದೆಯಾ ಅಂತ ಮಾತ್ರ ಹೇಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಇದೆಯಾ ಅಂತ ಬತ್ತಿಗೆ ತಿಳಿಯುವುದಿಲ್ಲ. ಸಾಯುವಷ್ಟು ವಿಷ ಇರುವ ಕೋಣೆಯಲ್ಲೂ ದೀಪ ಚೆನ್ನಾಗಿ ಉರಿಯುತ್ತಾ ಇರಬಹುದು. ಬಚ್ಚಲಿನಲ್ಲಿ ಬತ್ತಿ ಹಚ್ಚಿ ಪರೀಕ್ಷೆ ಮಾಡಿದೆ, ಏನೂ ತೊಂದರೆ ಇಲ್ಲ ಅಂದವರೊಬ್ಬರನ್ನು ನಾನು ಕಂಡಿದ್ದೇನೆ.

ಇನ್ನೂ ಕೆಲವು ಸಮಾಧಾನಗಳನ್ನು ಜನ ಹೇಳುತ್ತಾರೆ. ಎಕ್ಸಾಸ್ಟ್ ಫ್ಯಾನ್ ಇದೆ ಅನ್ನುತ್ತಾರೆ. ಬಾಗಿಲ ಕೆಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಎಲ್ಲಿಂದ ಗಾಳಿ ಎಳೆಯುತ್ತದೆ? ಗೀಸರಿಗೆ ಹೊಗೆ ಪೈಪು ಹಾಕಿದ್ದರೆ ಆ ಪೈಪಿನಿಂದಲೇ ಹೊಗೆಯನ್ನು ವಾಪಸು ಒಳಗೆ ಎಳೆಯಬಹುದು. ಕರೆಂಟು ಹೋದರೆ ಫ್ಯಾನೂ ಇಲ್ಲ, ಬ್ಯಾಟರಿಯ ಗೀಸರ್ ಮಾತ್ರ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ ಅನ್ನುತ್ತಾರೆ. ಅದು ಗಡಿಯಾರ, ವಿಷ ಅಳೆಯುವ ಯಂತ್ರ ಅಲ್ಲ. ನಳ್ಳಿ ಬಂದ್ ಮಾಡಿ ತಿರುಗಿಸಿದರೆ ಮತ್ತೆ ಹೊಸದಾಗಿ ಎಣಿಸುತ್ತದೆ. ಬಾಗಿಲು ಸ್ವಲ್ಪ ತೆರೆದಿಟ್ಟು ಮೀಯಿರಿ ಅಂತ ಅಂಗಡಿಯವರು ಹೇಳುತ್ತಾರೆ. ಯಾವ ಹೆಣ್ಣುಮಗಳು ಬಾಗಿಲು ತೆರೆದಿಟ್ಟು ಸ್ನಾನ ಮಾಡುತ್ತಾಳೆ ಹೇಳಿ.

ಗೀಸರ್ ಒಳಗೆ ಇರುವವರು ಹೊರಗೆ ಹಾಕಿಸುವವರೆಗೆ ಒಂದು ಉಪಾಯ ಮಾಡಬಹುದು. ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟುಗಳಿಗೆ ಬಿಸಿನೀರು ತುಂಬಿಸಿ. ಗೀಸರ್ ಬಂದ್ ಮಾಡಿ. ಸ್ವಲ್ಪ ಹೊತ್ತು ಗಾಳಿ ಆಡಲಿ. ಆಮೇಲೆ ಬಾಗಿಲು ಹಾಕಿ ಮೀಯಿರಿ. ನೀರು ಹರಿಯುವಾಗ ಬೆಂಕಿ ಇದೆ, ಬೆಂಕಿ ಇರುವಾಗ ಬಾಗಿಲು ಮುಚ್ಚಬಾರದು. ಮಕ್ಕಳಿಗೂ ಇದನ್ನು ಕಲಿಸಿ.

ಹೊರಗೆ ಹಾಕಿದ ಮೇಲೂ ನೋಡಿಕೊಳ್ಳಬೇಕು. ಮಲಗುವ ಕೋಣೆಯ ಕಿಟಕಿಯ ಕೆಳಗೆ ಹಾಕಬೇಡಿ. ಮುಚ್ಚಿದ ಯುಟಿಲಿಟಿ ಕೋಣೆ ‘ಹೊರಗೆ’ ಅಲ್ಲ. ನಮ್ಮಲ್ಲಿ ಕಣಜದ ಹುಳಗಳು ಎಲ್ಲಿ ಸಂದು ಸಿಕ್ಕಿದರೂ ಮಣ್ಣಿನ ಗೂಡು ಕಟ್ಟುತ್ತವೆ, ಜೇಡ ಬಲೆ ಹಾಕುತ್ತದೆ. ಗಾಳಿಯ ತೂತು ಮುಚ್ಚಿದರೆ ಬೆಂಕಿ ಹಳದಿಯಾಗುತ್ತದೆ. ವರ್ಷಕ್ಕೆ ಒಂದು ಸಲ ಬಿಚ್ಚಿ ಕ್ಲೀನ್ ಮಾಡಿಸಿ. ರಬ್ಬರ್ ಪೈಪು ಐ.ಎಸ್.ಐ. ಗುರುತಿನದ್ದೇ ಇರಲಿ, ಐದು ವರ್ಷಕ್ಕೆ ಬದಲಾಯಿಸಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಅಡುಗೆ ಗ್ಯಾಸ್ ಸೋರಿದರೆ ಕೂಗುವ ಯಂತ್ರ ಬೇರೆ, ಇದು ಬೇರೆ. ಕೊಳ್ಳುವಾಗ ಕೇಳಿ ಕೊಳ್ಳಿ. ಹಬೆಗೆ ಹಾಳಾಗುವುದರಿಂದ ಬಚ್ಚಲಿನ ಒಳಗೆ ಇಡಬಾರದು, ಮಲಗುವ ಕೋಣೆಯಲ್ಲಿ ಇಡಬೇಕು. ಇದ್ದರೆ ಒಳ್ಳೆಯದು. ಆದರೆ ಅಲಾರಂ ಇದೆ ಅಂತ ಗೀಸರನ್ನು ಒಳಗೇ ಇಡುವುದಕ್ಕೆ ನಾನು ಒಪ್ಪುವುದಿಲ್ಲ.

ಪಂಚಾಯತಿನವರ ಹತ್ತಿರ ನನ್ನ ಬೇಡಿಕೆ ಇದೆ. ಮನೆ ಮುಗಿದ ಮೇಲೆ ಬಿಲ್ಡಿಂಗ್ ನಂಬರ್ ಕೊಡುವಾಗ ಶೌಚದ ಗುಂಡಿ, ಮಳೆನೀರಿನ ಗುಂಡಿ ಎಲ್ಲ ಕೇಳುತ್ತೀರಿ. ಗ್ಯಾಸ್ ಗೀಸರ್ ಎಲ್ಲಿದೆ ಅಂತಲೂ ಒಂದು ಮಾತು ಕೇಳಿ. ಬಾಡಿಗೆ ಕ್ವಾರ್ಟರ್ಸುಗಳನ್ನು ಮೊದಲು ನೋಡಿ. ಅಲ್ಲಿ ಒಂದೇ ಕೋಣೆಯಲ್ಲಿ ಆರೇಳು ಮಂದಿ ಬಂಗಾಳ, ಅಸ್ಸಾಂ ಕಡೆಯ ಕೆಲಸದವರು ಕಿಟಕಿ ಹಾಕಿ ಅಡುಗೆ ಮಾಡಿ ಅಲ್ಲೇ ಮಲಗುತ್ತಾರೆ. ಅವರ ಬಗ್ಗೆ ಹೇಳುವವರು ಯಾರೂ ಇಲ್ಲ. ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಅಕ್ಕಂದಿರು ಪ್ರತಿ ತಿಂಗಳು ಪ್ರತಿ ಮನೆಗೂ ಬರುತ್ತಾರೆ. ಅವರ ಕೈಯಲ್ಲಿ ಒಂದು ಪುಟದ ನೋಟೀಸ್ ಕೊಟ್ಟರೆ ಜೂನ್ ಒಳಗೆ ಇಡೀ ಪಂಚಾಯತಿಗೆ ಮುಟ್ಟುತ್ತದೆ. ಕುಟುಂಬಶ್ರೀ ಅಯಲ್ಕೂಟಗಳಲ್ಲಿ, ಅಂದರೆ ನೆರೆಮನೆ ಹೆಂಗಸರ ಸಂಘಗಳಲ್ಲಿ, ಹತ್ತು ನಿಮಿಷ ಇದೇ ವಿಷಯ ಮಾತಾಡಲಿ. ಕಾಸರಗೋಡು, ಉಪ್ಪಳದ ಅಗ್ನಿಶಾಮಕ ಠಾಣೆಯವರು ಗ್ಯಾಸ್ ಬೆಂಕಿ ಆರಿಸುವುದನ್ನು ತೋರಿಸುವಾಗ ಈ ಕಾಣದ ವಿಷವನ್ನೂ ಸೇರಿಸಲಿ.

ಅದೆಲ್ಲ ಕನ್ನಡದಲ್ಲೂ ಇರಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಮಲಯಾಳ ಓದಲು ಬಾರದ ಹಿರಿಯ ಹೆಂಗಸರು ಬಹಳ ಇದ್ದಾರೆ. ಗೀಸರ್ ಡಬ್ಬದ ಮೇಲಿನ ಎಚ್ಚರಿಕೆ ಇಂಗ್ಲಿಷ್, ಹಿಂದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಡಬ್ಬ ಫಿಟ್ಟಿಂಗ್ ದಿನವೇ ಅಟ್ಟಕ್ಕೆ ಹೋಗುತ್ತದೆ. ಅಂಗಡಿಯವರಿಗೆ ನನ್ನ ವಿನಂತಿ, ಮಾರುವಾಗಲೇ ‘ಹೊರಗಿನ ಗೋಡೆಗೆ’ ಅಂತ ಹೇಳಿ ಮಾರಿ. ನನ್ನ ಹಾಗೆ ಪೈಪು ಕೆಲಸ ಮಾಡುವ ತಮ್ಮಂದಿರಿಗೂ ಹೇಳುತ್ತೇನೆ, ಒಳಗೆ ಹಾಕಿ ಕೊಡುವುದಿಲ್ಲ ಅಂತ ನಾವೆಲ್ಲ ಒಟ್ಟಿಗೆ ಹೇಳಿದರೆ ಮನೆಯವರಿಗೆ ಕರೆಯಲು ಬೇರೆ ಫಿಟ್ಟರ್ ಇರುವುದಿಲ್ಲ.

ಹೊರಗೆ ಹಾಕುವುದು ದೊಡ್ಡ ಕೆಲಸ ಅಂತ ಹೆದರಬೇಡಿ. ಗೋಡೆಗೆ ಒಂದು ತೂತು, ನಾಲ್ಕೈದು ಅಡಿ ಬಿಸಿನೀರಿನ ಪೈಪು, ಎರಡು ಎಲ್ಬೋ, ಮೇಲೆ ಮಳೆ ಬೀಳದ ಹಾಗೆ ಒಂದು ತುಂಡು ಶೀಟ್. ಅದೇ ಗೀಸರ್ ಸಾಕು, ಹೊಸದು ಬೇಡ. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಮಳೆ ಹಿಡಿದ ಮೇಲೆ ಹೊರಗಿನ ಗೋಡೆಯ ಕೆಲಸ ಕಷ್ಟ. ಆದ್ದರಿಂದ ನಿಮ್ಮ ಪ್ಲಂಬರಿಗೆ ಈ ವಾರವೇ ಫೋನ್ ಮಾಡಿ.

ಇತಿ,
ಪೈಪು ಕೆಲಸದವನೊಬ್ಬ, ಪೆರ್ಲ